ಪೀಣ್ಯದಲ್ಲಿ ಕಟ್ಟಿಸಿದ ಫೈಬರ್ ದೋಣಿ

ಅಣ್ಣ ಶರಾವತಿ ಹಿನ್ನೀರಿನಲ್ಲಿ ಹನ್ನೆರಡು ಜನ ಕೂರುವ ದೋಣಿ ನಡೆಸುತ್ತಾನೆ. ಹಳೆಯದನ್ನು ಬೇರೆ ಕಡೆ ಕಟ್ಟಿಸಿದ್ದೆವು. ಐದೇ ವರ್ಷಕ್ಕೆ ಅದರ ತಳದಲ್ಲಿ ಗುಳ್ಳೆ ಎದ್ದವು. ಚುಚ್ಚಿದರೆ ಹುಳಿ ವಾಸನೆಯ ನೀರು. ಎಂಜಿನ್ ಕೂರುವ ಹಿಂಬದಿಯನ್ನು ನಾಣ್ಯದಿಂದ ತಟ್ಟಿದರೆ ಟಣ್ ಎನ್ನಬೇಕಾದಲ್ಲಿ ದಬ್ ಎನ್ನುತ್ತಿತ್ತು. ಮೊಳೆಯ ತೂತುಗಳಿಂದ ಇಳಿದ ನೀರು ಒಳಗಿನ ಪ್ಲೈವುಡ್ಡನ್ನು ಕೊಳೆಸಿತ್ತು. ಮಕ್ಕಳು, ಮುದುಕರು ನಂಬಿ ಹತ್ತುವ ದೋಣಿ ಅದು. ನನಗೆ ನಿದ್ದೆ ಬರಲಿಲ್ಲ.

ನಾನಿರುವುದು ರಾಜಾಜಿನಗರದಲ್ಲಿ. ಹೊಸ ದೋಣಿಯನ್ನು ಪೀಣ್ಯದ ಒಂದು ಸಣ್ಣ ಫೈಬರ್ ಕಾರ್ಖಾನೆಗೆ ಒಪ್ಪಿಸಿ, ಕೆಲಸ ನಡೆದಷ್ಟು ದಿನವೂ ಹೋಗಿ ನಿಂತೆ. ಯಾರೂ ಬೇಡವೆನ್ನಲಿಲ್ಲ. ಅಚ್ಚಿಗೆ ಮೊದಲು ದೋಣಿಯ ನುಣುಪಾದ ಹೊರಮೈಯಾಗುವ ಜೆಲ್ ಕೋಟ್, ಆಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನೆಳೆಯ ಮ್ಯಾಟ್, ಅದರ ಮೇಲೆ 600 ಗ್ರಾಮಿನ ನೇಯ್ದ ಗಾಜಿನ ಬಟ್ಟೆ, ಮತ್ತೆ ಮ್ಯಾಟ್. ಈ ಪದರಗಳನ್ನು ಬೆಸೆದು ಗಟ್ಟಿಯಾಗುವ ಅಂಟುದ್ರವವೇ ರೆಸಿನ್; ಅದರಲ್ಲಿ ನೀರಿಗೆ ತಡೆಯುವ ಐಸೋಥಾಲಿಕ್ ಬಗೆಯನ್ನೇ ಬಳಸಿದರು. ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡ್‌ನರನ್ನು ಅಂದಾಜಿನಲ್ಲಿ ಸುರಿಯದೆ ತೂಗಿ ಹಾಕಿದರು. ಹಿರಿಯ ಕೆಲಸಗಾರರೊಬ್ಬರು ಕಬ್ಬಿಣದ ರೋಲರ್ ಹಿಡಿದು, ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ಅಂಚಿನವರೆಗೆ ಉರುಳಿಸಿ ಹೊರದಬ್ಬುತ್ತಿದ್ದರು.

ನೀರೆತ್ತುವ ಪಂಪಿನ ಕೊಳವೆಗಾಗಿ ದೋಣಿಯ ಬದಿಯಲ್ಲಿ ರಂಧ್ರ ಕೊರೆದಾಗ ಬಿದ್ದ ಬಿಲ್ಲೆಯನ್ನು ಕೇಳಿ ತೆಗೆದುಕೊಂಡೆ. ತೂಗಿದರೆ 22 ಗ್ರಾಂ. ಅಂಗಳದಲ್ಲಿಟ್ಟು ಬೆಂಕಿ ಹಚ್ಚಿದರು. ಕಪ್ಪು ಹೊಗೆಯೆಬ್ಬಿಸಿ ರೆಸಿನ್ ಪೂರ್ತಿ ಉರಿದುಹೋಯಿತು, ಗಾಜು ಮಾತ್ರ ಉಳಿಯಿತು. 8 ಗ್ರಾಂ. ಸೂಜಿಯಿಂದ ಒಂದೊಂದಾಗಿ ಬಿಡಿಸಿದೆ: ನಾಲ್ಕು ಮ್ಯಾಟ್, ನಾಲ್ಕು ಬಟ್ಟೆ. ಮಾತು ಕೊಟ್ಟಿದ್ದೂ ಎಂಟೇ ಪದರ. ರೆಸಿನ್ ಹೀಗೆ ಉರಿಯುವುದನ್ನು ಕಣ್ಣಾರೆ ಕಂಡ ಮೇಲೆ, ಎಂಜಿನ್ ಗೂಡಿಗೆ ಬೆಂಕಿ ತಡೆಯುವ ರೆಸಿನ್ ಬೇಕೆಂದು ಪಟ್ಟು ಹಿಡಿದೆ. ಹೆಚ್ಚುವರಿ ಹಣ ತೆಗೆದುಕೊಂಡರು, ಆದರೆ ಮಾಡಿಕೊಟ್ಟರು.

ಕೊರತೆಯೂ ಇತ್ತು. ಮಳೆ ಹಿಡಿದಾಗ ಮ್ಯಾಟಿಗೆ ತೇವ ತಗುಲುತ್ತದೆಂದು ಕೆಲಸ ನಿಲ್ಲಿಸಿದರು. ಹೇಳಿದ ದಿನಕ್ಕಿಂತ ಮೂರು ವಾರ ತಡವಾಯಿತು. ಆ ತಡ ನನಗೆ ಒಪ್ಪಿಗೆಯೇ. ಒಪ್ಪದ್ದು ಬೇರೆ: ಸೀಟಿನ ಮೊಳೆಗಳ ತೂತುಗಳನ್ನು ರೆಸಿನ್ ತುಂಬದೆ ಹಾಗೆಯೇ ಬಿಟ್ಟಿದ್ದರು. ಹಳೆಯ ದೋಣಿ ಸತ್ತದ್ದೇ ಅಂಥ ತೂತುಗಳಿಂದ. ತೋರಿಸಿದೊಡನೆ ಅಷ್ಟೂ ಮೊಳೆ ಬಿಚ್ಚಿ ಸರಿಪಡಿಸಿದರು. ನೀವು ಕಟ್ಟಿಸುವುದಾದರೆ ಮಳೆಗಾಲ ಕಳೆದ ಮೇಲೆ ಹೋಗಿ, ಕೊರೆದ ಬಿಲ್ಲೆಯನ್ನು ಬಿಡದೆ ಕೇಳಿ ಪಡೆಯಿರಿ, ಸೀಟು ಕೂರಿಸುವ ದಿನ ಅಲ್ಲೇ ಇರಿ.