ಊಟ ಮುಗಿಸಿ ಕ್ಲಾಗನ್‌ಫುರ್ಟ್‌ಗೆ

ಜೂನ್ ಕೊನೆಯ ವಾರ. ಹುಬ್ಬಳ್ಳಿಯಲ್ಲಿ ಜಿಟಿಜಿಟಿ ಮಳೆ, ಒಣಹಾಕಿದ ಅರಿವೆಗೆಲ್ಲ ಮುಗ್ಗಲು ವಾಸನೆ. ಆಸ್ಟ್ರಿಯಾದಲ್ಲಿ ಮುಂಜಾನೆ 10 ಅಂದರೆ ನಮಗೆ ಮಧ್ಯಾಹ್ನ 1:30, ರೊಟ್ಟಿ-ಝುಣಕ ಉಂಡು ಅಡ್ಡಾಗುವ ಹೊತ್ತು. ಆ ಹೊತ್ತಿಗೆ ನಾನು ಲ್ಯಾಪ್‌ಟಾಪ್ ತೆಗೆದು ಇಂಗೆಬೋರ್ಗ್ ಬಾಖ್‌ಮನ್ ಪ್ರಶಸ್ತಿಯ (ಜರ್ಮನ್ ಬರಹಗಾರರ ಸ್ಪರ್ಧೆ ಅದು) ಓದು ನೋಡಲು ಕೂತೆ. ಒಂದು ದಿನ ನೋಡಿ ಬಿಡೋಣ ಅಂದುಕೊಂಡವನು ಗುರುವಾರದಿಂದ ಶನಿವಾರದ ತನಕ ಎದ್ದೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಹಿತ್ಯದ ಮನುಷ್ಯ ಅಲ್ಲ. ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ಮಶೀನು ರಿಪೇರಿ ಮಾಡಿ ರಿಟೈರ್ ಆದವ. ಮಶೀನುಗಳು ಜರ್ಮನಿಯವು, ಜೊತೆಗೆ ಬಂದ ದಪ್ಪ ಪುಸ್ತಕಗಳೂ ಜರ್ಮನ್. ಸ್ಟುಟ್‌ಗಾರ್ಟ್ ಹತ್ತಿರ 6 ತಿಂಗಳು ಟ್ರೇನಿಂಗಿಗೂ ಕಳಿಸಿದ್ದರು. ಹಾಗಾಗಿ ಬೇರಿಂಗು, ಎಣ್ಣೆಯ ಒತ್ತಡದ ಜರ್ಮನ್ ನನಗೆ ಸಲೀಸು. ತಾಯಿ, ಸಾವು, ಮುನಿಸಿನ ಜರ್ಮನ್ ಬಂದಾಗ ಪದಕೋಶ ಬೇಕು. ಕಿಟೆಲ್ ಸಾಹೇಬರು ಅಲ್ಲಿಂದ ಬಂದು 1894ರಲ್ಲಿ ನಮ್ಮ ಪದಕೋಶ ಅಚ್ಚು ಹಾಕಿಸಿದರಲ್ಲ, ಆ ಋಣದ ಮುಂದೆ ನನ್ನ ಮೂರು ದಿನದ ಒದ್ದಾಟ ಏನೂ ಅಲ್ಲ.

ಈ ಓದು ನಡೆಯುವ ಆಸ್ಟ್ರಿಯಾದ ಕ್ಲಾಗನ್‌ಫುರ್ಟ್, ಕವಯಿತ್ರಿ ಬಾಖ್‌ಮನ್ ಅವರು ಹುಟ್ಟಿದ ಊರು. ಅವರು 1973ರಲ್ಲಿ ರೋಮ್‌ನಲ್ಲಿ ತೀರಿಕೊಂಡರು, 1977ರಿಂದ ಅವರ ಹೆಸರಿನಲ್ಲಿ ಈ ಪ್ರಶಸ್ತಿ. ಈಗಿನ ಪದ್ಧತಿ ಹೀಗೆ: 7 ಜನ ತೀರ್ಪುಗಾರರು, ಒಬ್ಬೊಬ್ಬರು ಇಬ್ಬರು ಲೇಖಕರನ್ನು ಕರೆಸುತ್ತಾರೆ, ಒಟ್ಟು 14. ಯಾರು ಯಾವಾಗ ಓದಬೇಕು ಅನ್ನೋದು ಚೀಟಿ ಎತ್ತಿ. ಎಲ್ಲೂ ಅಚ್ಚಾಗದ ಬರಹ ಇರಬೇಕು, ಸುಮಾರು 25 ನಿಮಿಷ ಓದಬೇಕು. ಓದಿ ಮುಗಿದದ್ದೇ ತಡ, ತೀರ್ಪುಗಾರರು ಶುರು ಹಚ್ಚಿಕೊಳ್ಳುತ್ತಾರೆ. ಲೇಖಕ ಅಲ್ಲೇ ಕೂತಿರಬೇಕು, ಟೀವಿ ಕ್ಯಾಮೆರಾ ಮುಖದ ಮೇಲೇ ಇರುತ್ತದೆ.

ಇದಕ್ಕೇ ನಾನು ಪೂರ್ತಿ ಮಾರ್ಕು ಕೊಡುವುದು. ಮೊದಲ ದಿನ ಓದಿದ ಒಬ್ಬ ಹೆಣ್ಣುಮಗಳು ಓದು ಮುಗಿಸಿ ಕಾಗದಗಳನ್ನು ಮೇಜಿನ ಮೇಲೆ ಕುಟ್ಟಿ ಅಂಚು ಸರಿಮಾಡಿದಳು. ಒಬ್ಬರು 'ಎರಡನೆಯ ಪುಟದಲ್ಲೇ ಕಥೆ ಮುಗಿದಿತ್ತು' ಅಂದರು. ಆಕೆ ನೀರಿನ ಗ್ಲಾಸು ಎತ್ತಿದಳು, ಕುಡಿಯದೆ ಹಾಗೇ ಇಟ್ಟಳು. ಇನ್ನೊಬ್ಬರು ಅದೇ ಎರಡನೆಯ ಪುಟ ತೆಗೆದು ಒಂದು ಸಾಲು ಓದಿ 'ಇಲ್ಲಿಂದಲೇ ಕಥೆ ಶುರು' ಅಂದರು. ಆಗ ಕುಡಿದಳು.

ನಾನೂ 1998ರಲ್ಲಿ ಒಂದು ದೀಪಾವಳಿ ಕಥಾಸ್ಪರ್ಧೆಗೆ ಕಥೆ ಕಳಿಸಿದ್ದೆ. ಬಹುಮಾನ ಬರಲಿಲ್ಲ, ಅದು ಇರಲಿ. ಯಾಕೆ ಬರಲಿಲ್ಲ ಅಂತ ಇವತ್ತಿನ ತನಕ ಗೊತ್ತಿಲ್ಲ. ಸ್ಟಾಂಪು ಹಚ್ಚಿದ ಲಕೋಟೆ ಇಟ್ಟಿದ್ದೆ, ಅದೂ ತಿರುಗಿ ಬರಲಿಲ್ಲ. ಮುಖದ ಮೇಲೆ ಬೈಸಿಕೊಳ್ಳೋದು ಎಷ್ಟೋ ಪಾಡು ನೋಡ್ರಿ. ಧಾರವಾಡದಲ್ಲಿ ಲೇಖಕರು ಕೂಡುತ್ತಿದ್ದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಹತ್ತಿದವರಿಗೆ ಈ ಭಾಗ್ಯ ಇತ್ತಂತೆ.

ಹಳೆಯ ವರ್ಷಗಳ ಕಥೆಗಳೂ ಬಲು ಸ್ವಾರಸ್ಯ. 1983ರಲ್ಲಿ ರೈನಾಲ್ಡ್ ಗೋಟ್ಸ್ ಓದುತ್ತ ಓದುತ್ತ ಬ್ಲೇಡಿನಿಂದ ಹಣೆ ಕುಯ್ದುಕೊಂಡರು, ರಕ್ತ ಹಸ್ತಪ್ರತಿಯ ಮೇಲೆ ಇಳಿಯಿತು, ಓದು ಮಾತ್ರ ನಿಲ್ಲಿಸಲಿಲ್ಲ. ಪ್ರಶಸ್ತಿ ಬೇರೆಯವರಿಗೆ ಹೋಯಿತು. 2016ರಲ್ಲಿ ಗೆದ್ದ ಶ್ಯಾರನ್ ಡೊಡುವಾ ಒಟೂ ಅವರ ಕಥೆಯಲ್ಲಿ ಎಷ್ಟು ಕುದಿಸಿದರೂ ಗಟ್ಟಿಯಾಗದ ತತ್ತಿ ಒಂದಿದೆ, ಅದು ಮಾತೂ ಆಡುತ್ತದೆ. ಎಲ್ಲ ಅಳತೆಯಂತೇ ನಡೆಯಬೇಕು ಅನ್ನುವ ಮುದುಕ ಎಂಜಿನಿಯರನ ಮುಂದೆ! ನನ್ನ ಹೆಂಡತಿಗೆ ಹೇಳಿದೆ, 'ನಿಮ್ಮ ಕಥಿನs ಬರದಾಳಲ್ಲ' ಅಂದಳು.

ನನಗೆ ಹತ್ತಿರವಾದವರು ಹೆಲ್ಗಾ ಶೂಬರ್ಟ್. 1980ರಲ್ಲಿ ಅವರಿಗೆ ಕರೆ ಬಂದಿತ್ತು, ಪೂರ್ವ ಜರ್ಮನಿಯ ಸರ್ಕಾರ ಹೋಗಗೊಡಲಿಲ್ಲ. ಮುಂದೆ ಕೆಲವು ವರ್ಷ ಕ್ಲಾಗನ್‌ಫುರ್ಟ್‌ನಲ್ಲೇ ತೀರ್ಪುಗಾರರಾದರು. 2020ರಲ್ಲಿ, 80ನೆಯ ವಯಸ್ಸಿನಲ್ಲಿ, ಮತ್ತೆ ಲೇಖಕಿಯಾಗಿ ಬಂದು ಗೆದ್ದರು. ಅದು ಕೊರೋನಾ ವರ್ಷ, ಎಲ್ಲ ವೀಡಿಯೋದಲ್ಲೇ. ಅಂದರೆ 40 ವರ್ಷ ಕಾದ ಆ ಓದಿಗೂ ಅವರು ಕ್ಲಾಗನ್‌ಫುರ್ಟ್‌ಗೆ ಹೋಗಲಾಗಲಿಲ್ಲ!

ಕುಂದು ಇಲ್ಲ ಅಂತಲ್ಲ. ತೀರ್ಪುಗಾರರು ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ಅದರಲ್ಲೂ ಆಸ್ಟ್ರಿಯಾದವರ ರಾಗ ನನ್ನ ಕಿವಿಗೆ ಹತ್ತಲಿಲ್ಲ. ತಾವೇ ಕರೆಸಿದವರ ಪರವಾಗಿ ಮಾತಾಡುವಾಗ ಹೆಣ್ಣಿನ ಕಡೆಯವರು ಹುಡುಗಿಯ ಅಡಿಗೆ ಹೊಗಳಿದಂಗ ಆಗುತ್ತದೆ. ಶುಕ್ರವಾರ ನಡುವೆ ಕರೆಂಟು ಹೋಗಿ ಇಂಟರ್‌ನೆಟ್ಟೂ ಕೈಕೊಟ್ಟಿತು, ಒಬ್ಬರ ಓದು ಪೂರ್ತಿ ತಪ್ಪಿತು. ಆದರೆ ಓದಾದ ಮೇಲೆ ಬರಹವನ್ನು ಜಾಲತಾಣದಲ್ಲಿ ಹಾಕುತ್ತಾರೆ, ಪುಕ್ಕಟೆ. ಪಿಡಿಎಫ್ ಇಳಿಸಿಕೊಂಡು ರಾತ್ರಿ ಓದಿದೆ. ಜರ್ಮನ್ ಅರ್ಧಮರ್ಧ ಬರುವವರು ವೀಡಿಯೋವನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಸಾಕು, ದಾರಿ ಸಿಗುತ್ತದೆ.

ಪಕ್ಕದ ಮನೆಯ ಮಾಸ್ತರರಿಗೆ ಜರ್ಮನ್ ಒಂದಕ್ಷರ ಬರುವುದಿಲ್ಲ. ಶನಿವಾರ ಬಂದು ಕೂತು, 'ಇವ್ರು ಬೈಲಿಕ್ಕತ್ತಾರೋ, ಹೊಗಳಲಿಕ್ಕತ್ತಾರೋ?' ಅಂತ ಕೇಳಿದರು. ಲೇಖಕನ ಕೈ ನೋಡ್ರಿ ಅಂದೆ. ನೋಡಿದರು. 'ಬೈಲಿಕ್ಕತ್ತಾರ' ಅಂದರು, ಸರಿಯಾಗಿತ್ತು.

ಭಾನುವಾರ ಅಲ್ಲಿ ಪ್ರಶಸ್ತಿ ಹಂಚಿದರು. ಇಲ್ಲಿ ಮಾಸ್ತರರು ಬಂದು ನನ್ನ 1998ರ ಕಥೆ ಎಲ್ಲಿದೆ ಅಂದರು. ಟ್ರಂಕಿನಿಂದ ಕಾರ್ಬನ್ ಪ್ರತಿ ತೆಗೆದೆ, ಅಕ್ಷರ ಅಳಿಸಿದಲ್ಲಿ ನೆನಪಿನಿಂದ ಓದಿದೆ. ಮೊಬೈಲಿನಲ್ಲಿ 25 ನಿಮಿಷ ಇಟ್ಟಿದ್ದೆ. 11ನೆಯ ನಿಮಿಷಕ್ಕೆ ಅವರು ನನ್ನ ಹೆಂಡತಿಯ ಕಡೆ ತಿರುಗಿ ಚಹಾ ಕೇಳಿದರು.