ಡಲ್ಲಾಸ್ ಹತ್ತಿರದ ಗನ್ ಅಂಗಡಿ: 5ಕ್ಕೆ 3 ಸ್ಟಾರ್

ಗೆಳೆಯನಿಗೆ ಪಿಸ್ತೂಲು ಬೇಕಿತ್ತು, ಜೊತೆಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಅಜ್ಜ ಭಾರಿ ತಾಳ್ಮೆಯವರು. ಪ್ರತಿ ಸಲ ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಅಂತ ತೋರಿಸಿಯೇ ಕೈಗೆ ಕೊಟ್ಟರು. ಗೆಳೆಯ 4473 ನಂಬರಿನ, ಗನ್ ಕೊಳ್ಳುವವರ ಸರ್ಕಾರಿ ಫಾರಂ ತುಂಬಿದ. ಕಾಫಿ ಮುಗಿಯುವಷ್ಟರಲ್ಲಿ ಅವನ ಹಿನ್ನೆಲೆಯ ಎಫ್‌ಬಿಐ ತಪಾಸಣೆಯೂ ಮುಗಿಯಿತು.

"ಖಾಸಗಿಯವರ ಹತ್ತಿರ ಕೊಂಡರೆ ಇದೂ ಬೇಡ, ಟೆಕ್ಸಾಸ್ ಅಲ್ವಾ" ಎಂದು ಅಜ್ಜ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಬೆಳೆದ ಕೊಡಗಿನವನು ನಾನು, ಬಂದೂಕು ಕಂಡರೆ ಹೆದರಿಕೆಯಿಲ್ಲ. ಆದರೆ 2022ರಲ್ಲಿ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳನ್ನು ಕೊಂದ ಹುಡುಗ, 18 ತುಂಬಿದ ಕೂಡಲೇ ಇದೇ ರಾಜ್ಯದಲ್ಲಿ ಕಾನೂನು ಪ್ರಕಾರವೇ ರೈಫಲ್ ಕೊಂಡಿದ್ದ.

ಅಂಗಡಿಯ ಹಿಂಬದಿಯ ಶೂಟಿಂಗ್ ರೇಂಜ್ ಸುಮಾರು. ಹೊಗೆ ಜಾಸ್ತಿ. ಬಿಸಿ ತೋಟಾಚಿಪ್ಪೊಂದು ನನ್ನ ಕಾಲರಿನೊಳಗೇ ಬಿತ್ತು.