ಎತ್ತುವುದಕ್ಕಿಂತ ಮೊದಲು ಇಳಿಸಿಡುವುದನ್ನು ಕಲಿಸುವ ಜಿಮ್: ಒಂದು ವಿಮರ್ಶೆ

ಜಿಮ್ ಸೇರುವ ಮುನ್ನ ಸಾಮಾನ್ಯವಾಗಿ ಎಲ್ಲರೂ ವಿಚಾರಿಸುವುದು ಯಂತ್ರಗಳೆಷ್ಟಿವೆ, ಅವು ಹೊಸವೋ ಹಳೆಯವೋ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು. ಇವು ಬೇಕಾದ ವಿವರಗಳೇ ಆದರೂ, ಮೊದಲ ಬಾರಿಗೆ ತೂಕದ ವಿಭಾಗಕ್ಕೆ ಕಾಲಿಡುವ ವ್ಯಕ್ತಿ ಅಲ್ಲಿ ನೆಲೆ ನಿಲ್ಲುತ್ತಾರೋ ಕೆಲವೇ ದಿನಗಳಲ್ಲಿ ಬಿಟ್ಟುಹೋಗುತ್ತಾರೋ ಎಂಬುದು ಬಹುಮಟ್ಟಿಗೆ ಬೇರೊಂದು ಸಂಗತಿಯನ್ನು ಅವಲಂಬಿಸಿರುತ್ತದೆ. ಯಾರೂ ಬಾಯಿಬಿಟ್ಟು ಹೇಳದ, ಆದರೆ ತಪ್ಪಿದರೆ ಸುತ್ತಲಿನವರೆಲ್ಲ ಮುಖ ಸಿಂಡರಿಸುವ ನಡವಳಿಕೆಯ ನಿಯಮಗಳನ್ನು ಆ ಜಿಮ್ ಹೊಸಬರಿಗೆ ಹೇಗೆ ತಿಳಿಸುತ್ತದೆ, ತಿಳಿಸಿದ್ದನ್ನು ಪಾಲಿಸಲು ಬೇಕಾದ ಅನುಕೂಲವನ್ನು ಒದಗಿಸುತ್ತದೆಯೇ ಎಂಬುದೇ ಆ ಸಂಗತಿ. ನಾನು ಸದಸ್ಯತ್ವ ಪಡೆದಿರುವ ಜಿಮ್ಮನ್ನು ಇಲ್ಲಿ ಆ ಒಂದೇ ಅಳತೆಗೋಲಿನಿಂದ ಪರಿಶೀಲಿಸಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಅದರ ಹೆಸರನ್ನು ಹೇಳುವುದಿಲ್ಲ.

ಇಲ್ಲಿ ಹೊಸ ಸದಸ್ಯರು ಬಾರ್ಬೆಲ್ (ಎರಡೂ ತುದಿಗೆ ತೂಕದ ಪ್ಲೇಟುಗಳನ್ನು ಏರಿಸುವ ಉದ್ದನೆಯ ಸರಳು, ಚಿಕ್ಕದಾಗಿ ಬಾರ್) ಮತ್ತು ಒಂದೊಂದು ಕೈಯಲ್ಲಿ ಹಿಡಿಯುವ ಡಂಬೆಲ್‌ಗಳಿರುವ ವಿಭಾಗವನ್ನು ಬಳಸುವ ಮೊದಲು ಒಂದು ಪರಿಚಯ ತರಗತಿಗೆ ಬರಲೇಬೇಕು. ಈ ತರಗತಿಯಲ್ಲಿ ನನಗೆ ಹಿಡಿಸಿದ್ದು ಅದರ ಕ್ರಮ. ಹೇಗೆ ಎತ್ತಬೇಕು ಎಂಬುದರಿಂದ ಶುರುಮಾಡದೆ, ಎತ್ತಿದ್ದನ್ನು ಹೇಗೆ ಇಳಿಸಿ, ಬಿಚ್ಚಿ, ಮೊದಲಿದ್ದ ಜಾಗಕ್ಕೆ ಸೇರಿಸಬೇಕು ಎಂಬುದರಿಂದ ಶುರುಮಾಡುತ್ತಾರೆ. ಖಾಲಿ ಬಾರ್ ತಾನೇ 20 ಕೆಜಿ ತೂಗುತ್ತದೆ, ಸ್ವಲ್ಪ ಸಪೂರವಾದ ಇನ್ನೊಂದು ಬಗೆಯದು 15 ಕೆಜಿ ಇರುತ್ತದೆ ಎಂಬುದನ್ನು ಕೈಗೆ ಕೊಟ್ಟೇ ತೋರಿಸುತ್ತಾರೆ. ಅನಂತರ ರ‍್ಯಾಕಿನ (ಬಾರನ್ನು ಕೊಕ್ಕೆಗಳ ಮೇಲೆ ಇರಿಸುವ ಕಂಬಗಳ ಚೌಕಟ್ಟಿನ) ಮೇಲಿರುವ ಬಾರಿನಿಂದ ಪ್ಲೇಟುಗಳನ್ನು ತೆಗೆಯುವ ಪಾಠ. ಒಂದು ಬದಿಯ ಪ್ಲೇಟುಗಳನ್ನೆಲ್ಲ ಒಮ್ಮೆಲೇ ತೆಗೆದು ಇನ್ನೊಂದು ಬದಿಯಲ್ಲಿ ಎರಡು ಮೂರು ದೊಡ್ಡ ಪ್ಲೇಟುಗಳನ್ನು ಹಾಗೆಯೇ ಬಿಟ್ಟರೆ, ಭಾರವಿರುವ ಬದಿ ರ‍್ಯಾಕಿನ ಕಂಬವನ್ನೇ ಆನಿಕೆಯಾಗಿ ಮಾಡಿಕೊಂಡು ಕೆಳಕ್ಕೆ ಜಗ್ಗುತ್ತದೆ ಮತ್ತು ಖಾಲಿಯಾದ ತುದಿ ಪಕ್ಕದಲ್ಲಿ ನಿಂತವರ ಮುಖದ ಎತ್ತರಕ್ಕೆ ಚಿಮ್ಮುತ್ತದೆ. ಹೀಗಾಗಿ ಆ ಬದಿಯಿಂದ ಒಂದು, ಈ ಬದಿಯಿಂದ ಒಂದು ಎಂದು ಸರದಿಯಂತೆ ತೆಗೆಯಬೇಕು. ನಿಯಮವನ್ನು ಗೋಡೆಯ ಮೇಲೆ ಬರೆದು ತೂಗುಹಾಕಿದ್ದರೆ ಓದಿ ಮರೆಯುತ್ತಿದ್ದೆವು. ಕಾರಣ ಹೇಳಿ ಮಾಡಿಸಿದ್ದರಿಂದ ನೆನಪಿನಲ್ಲಿ ಉಳಿಯುತ್ತದೆ.

ಪ್ಲೇಟುಗಳನ್ನು ಅವುಗಳ ಜಾಗಕ್ಕೆ ಸೇರಿಸುವ ವಿಷಯದಲ್ಲಿಯೂ ಇದೇ ವಿಧಾನ. ಒಬ್ಬರು ಬಾರಿನ ಎರಡೂ ಬದಿಗೆ 20 ಕೆಜಿಯ ನಾಲ್ಕು ನಾಲ್ಕು ಪ್ಲೇಟುಗಳನ್ನು ಏರಿಸಿ, ವ್ಯಾಯಾಮ ಮುಗಿಸಿ ಎದ್ದುಹೋದರೆ, ಮುಂದೆ ಬರುವವರು ತಮ್ಮ ವ್ಯಾಯಾಮ ಶುರುಮಾಡುವ ಮೊದಲೇ 160 ಕೆಜಿ ಹೊತ್ತು ಸಾಗಿಸಬೇಕಾಗುತ್ತದೆ. ಬರುವವರು ಬೆನ್ನುನೋವಿನಿಂದ ಚೇತರಿಸಿಕೊಳ್ಳುತ್ತಿರಬಹುದು, ವಯಸ್ಸಾದವರಿರಬಹುದು, ಅಥವಾ ಅದೇ ದಿನ ಸೇರಿದವರಿರಬಹುದು. ಅವರಿಗೆ ಆ ಬಾರ್ ಇದ್ದೂ ಇಲ್ಲದಂತೆ. ಈ ಜಿಮ್ ಸ್ಪರ್ಧೆಗಳಲ್ಲಿ ಬಳಸುವ ಬಣ್ಣದ ಪದ್ಧತಿಯ ಪ್ಲೇಟುಗಳನ್ನೇ ಇಟ್ಟಿದೆ: 25 ಕೆಜಿಗೆ ಕೆಂಪು, 20ಕ್ಕೆ ನೀಲಿ, 15ಕ್ಕೆ ಹಳದಿ, 10ಕ್ಕೆ ಹಸಿರು. ಪ್ಲೇಟು ತೂಗುಹಾಕುವ ಗೂಟಗಳಿಗೂ ಅದೇ ಬಣ್ಣದ ಪಟ್ಟಿ ಅಂಟಿಸಿದ್ದಾರೆ, ದೊಡ್ಡವನ್ನು ಕೆಳಗಿನ ಗೂಟಗಳಿಗೆ ಮೀಸಲಿಟ್ಟಿದ್ದಾರೆ. ಡಂಬೆಲ್ ಸಾಲಿನಲ್ಲಿ ಪ್ರತಿ ಜೋಡಿಯ ಕೆಳಗೆ ಅದರ ತೂಕ ನಮೂದಾಗಿದೆ. ಎಲ್ಲಿಡಬೇಕೆಂದು ತಿಳಿಯದೆ ಎಲ್ಲೋ ಇಟ್ಟುಹೋದೆ ಎನ್ನುವ ನೆಪಕ್ಕೆ ಇಲ್ಲಿ ಅವಕಾಶವಿಲ್ಲ. ಎಲ್ಲ ಪ್ಲೇಟುಗಳೂ ಒಂದೇ ಕಪ್ಪು ಬಣ್ಣದ್ದಾಗಿದ್ದು, ಗೂಟಗಳು ಸಾಲದೆ ಗೋಡೆಗೆ ಒರಗಿಸಿಟ್ಟಿರುವ ಜಿಮ್ಮುಗಳಲ್ಲಿ ಸದಸ್ಯರನ್ನು ಅಶಿಸ್ತಿನವರೆಂದು ದೂರುವುದು ನನ್ನ ಪ್ರಕಾರ ಅನ್ಯಾಯ.

ಹೊಸಬರು ಅತಿ ಹೆಚ್ಚು ಹಿಂಜರಿಯುವುದು ಯಂತ್ರವನ್ನು ಹಂಚಿಕೊಳ್ಳುವ ವಿಷಯದಲ್ಲಿ, ತರಗತಿಯೂ ಇದಕ್ಕೆ ಹೆಚ್ಚಿನ ಸಮಯ ಕೊಡುತ್ತದೆ. ಬೆಂಚಿನ ಮೇಲೆ ಸುಮ್ಮನೆ ಕುಳಿತಂತೆ ಕಾಣುವ ವ್ಯಕ್ತಿ ನಿಜಕ್ಕೂ ಸುಮ್ಮನೆ ಕುಳಿತಿರಬೇಕೆಂದಿಲ್ಲ. ಹೆಚ್ಚು ಭಾರ ಎತ್ತುವವರು ಒಂದು ಸೆಟ್ಟಿಗೂ (ನಿಲ್ಲಿಸದೆ ಸಾಲಾಗಿ ಎತ್ತುವ ಒಂದು ಸುತ್ತಿಗೂ) ಇನ್ನೊಂದಕ್ಕೂ ನಡುವೆ ಎರಡರಿಂದ ಐದು ನಿಮಿಷ ವಿಶ್ರಾಂತಿ ತೆಗೆದುಕೊಳ್ಳುವುದು ಸಹಜ; ಹಗುರ ತೂಕದ ವ್ಯಾಯಾಮಗಳಿಗೆ ಒಂದು ನಿಮಿಷದ ಆಸುಪಾಸು ಸಾಕಾಗುತ್ತದೆ. ಆದ್ದರಿಂದ ಮನಸ್ಸಿನಲ್ಲೇ ಸಿಡಿಮಿಡಿಗೊಳ್ಳುವ ಬದಲು "ಇನ್ನೆಷ್ಟು ಸೆಟ್ ಇದೆ?" ಎಂದು ಕೇಳಬೇಕು, ಅದನ್ನೂ ಅವರು ಎತ್ತುತ್ತಿರುವಾಗ ಕೇಳದೆ ತೂಕ ಇಳಿಸಿದ ಮೇಲೆ ಕೇಳಬೇಕು. ಒಂದೇ ಸೆಟ್ ಉಳಿದಿದ್ದರೆ ಕಾಯಬಹುದು. ಹೆಚ್ಚಿದ್ದರೆ "ನಡುವೆ ನಾನೊಂದು ಸೆಟ್ ಮಾಡಲೇ?" ಎಂದು ಕೇಳುವುದು ಎಲ್ಲ ಕಡೆಯೂ ಒಪ್ಪಿತವಾದ ರೂಢಿ. ಪಿನ್ ಸರಿಸಿ ತೂಕ ಬದಲಿಸುವ ಯಂತ್ರಗಳಲ್ಲಿ ಹೀಗೆ ಸರದಿಯಂತೆ ಮಾಡುವುದು ಸುಲಭ. ನಮ್ಮ ಸೆಟ್ ಮುಗಿದ ಮೇಲೆ ಪಿನ್ನನ್ನೂ ಆಸನವನ್ನೂ ಅವರ ಅಳತೆಗೆ ಮರಳಿಸಿದರೆ ಆಯಿತು. ಬಾರನ್ನು ಹೆಗಲ ಮೇಲೆ ಹೊತ್ತು ಕುಳಿತು ಏಳುವ ಸ್ಕ್ವಾಟ್ ರ‍್ಯಾಕಿನಲ್ಲಿ ಮಾತ್ರ, ಇಬ್ಬರ ಎತ್ತರದಲ್ಲಿ ಬಹಳ ವ್ಯತ್ಯಾಸವಿದ್ದರೆ ಪ್ರತಿ ಸಲವೂ ಬಾರಿನ ಕೊಕ್ಕೆಗಳನ್ನೂ ಬಾರ್ ಕೈತಪ್ಪಿದರೆ ತಡೆಯುವ ಸುರಕ್ಷತಾ ಸರಳುಗಳನ್ನೂ ಬದಲಿಸಬೇಕಾಗುವುದರಿಂದ ಕಾಯುವುದೇ ಮೇಲು.

ಈ ಭಾಗದಲ್ಲಿ ತರಗತಿ ನೇರವಾಗಿ ಹೇಳದೆ ಬಿಟ್ಟ ಒಂದು ಸಂಗತಿಯಿದೆ. ದಟ್ಟಣೆಯ ವೇಳೆಯಲ್ಲಿ ಒಂದು ಯಂತ್ರದ ಮೇಲೆ ಟವೆಲ್, ಇನ್ನೊಂದರ ಮೇಲೆ ನೀರಿನ ಬಾಟಲಿ, ಮೂರನೆಯದರ ಪಕ್ಕದಲ್ಲಿ ತಾವು ಎಂಬಂತೆ ಮೂರು ಕಡೆ ಜಾಗ ಹಿಡಿಯುವವರನ್ನು ಏನು ಮಾಡಬೇಕು? ಎರಡು ಮೂರು ವ್ಯಾಯಾಮಗಳನ್ನು ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದು ಮಾಡುವ ಪದ್ಧತಿ ಒಳ್ಳೆಯದೇ, ಆದರೆ ಅದಕ್ಕೆ ಒಂದು ಜೊತೆ ಡಂಬೆಲ್ ಹಿಡಿದು ಒಂದೇ ಜಾಗದಲ್ಲಿ ನಿಂತು ಮಾಡಬಹುದಾದ ವ್ಯಾಯಾಮಗಳನ್ನು ಆರಿಸಿಕೊಳ್ಳಬಹುದು. ಟವೆಲ್ ಹಾಸಿದ ಮಾತ್ರಕ್ಕೆ ಯಂತ್ರ ಯಾರ ಸ್ವತ್ತೂ ಆಗುವುದಿಲ್ಲ ಎಂಬುದನ್ನು ಜಿಮ್ ಆಡಳಿತವೇ ಒಂದು ಸಾಲಿನಲ್ಲಿ ಘೋಷಿಸಿದರೆ ಹೊಸಬರಿಗೆ ಕೇಳುವ ಧೈರ್ಯ ಬರುತ್ತದೆ.

ನಿಲ್ಲುವ ಜಾಗದ ಬಗ್ಗೆ ಹೇಳಿಕೊಟ್ಟದ್ದು ಚಿಕ್ಕದಾದರೂ ಉಪಯುಕ್ತ. ಡಂಬೆಲ್ ತೆಗೆದುಕೊಂಡವರು ಸಾಲಿನ ಮುಂದೆಯೇ ನಿಂತು ವ್ಯಾಯಾಮ ಆರಂಭಿಸಿದರೆ ಹಿಂದಿನವರಿಗೆ ತಮ್ಮ ತೂಕ ತೆಗೆದುಕೊಳ್ಳಲು ದಾರಿಯಿರುವುದಿಲ್ಲ, ಆದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಕನ್ನಡಿ ನೋಡಿಕೊಂಡು ಎತ್ತುತ್ತಿರುವವರು ಸಾಮಾನ್ಯವಾಗಿ ತಮ್ಮ ಬೆನ್ನು, ಮೊಣಕಾಲುಗಳ ಸ್ಥಿತಿಯನ್ನು ಗಮನಿಸುತ್ತಿರುತ್ತಾರೆ. ಅವರಿಗೂ ಕನ್ನಡಿಗೂ ನಡುವೆ ಹಾದುಹೋಗಬಾರದು. ಭಾರವಾದ ಬಾರ್ ಹೆಗಲ ಮೇಲಿರುವಾಗ ಯಾರಾದರೂ ಅದರ ತುದಿಗೆ ತಾಗಿಕೊಂಡು ನಡೆದರೆ ಬೀಳುವ ಅಪಾಯ ಇಬ್ಬರಿಗೂ ಇದೆ. ಇದಕ್ಕಾಗಿ ನೆಲದ ಮೇಲೆ ಹಳದಿ ಗೆರೆ ಎಳೆದು ಓಡಾಟದ ದಾರಿಯನ್ನು ಬೇರ್ಪಡಿಸಿದ್ದಾರೆ. ರ‍್ಯಾಕುಗಳ ನಡುವಿನ ಅಂತರವೂ ಸಾಕಷ್ಟಿದೆ. ಬಾರಿನ ಉದ್ದವೇ 2.2 ಮೀಟರ್ ಇರುವುದರಿಂದ, ಇಕ್ಕಟ್ಟಾಗಿ ಜೋಡಿಸಿದ ಜಿಮ್ಮಿನಲ್ಲಿ ಎಷ್ಟೇ ಸಭ್ಯರಾದವರೂ ಒಬ್ಬರಿಗೊಬ್ಬರು ಅಡ್ಡಬರದೆ ಗತ್ಯಂತರವಿಲ್ಲ.

ಶುಚಿತ್ವದ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ತಗ್ಗುತ್ತದೆ. ತರಗತಿಯಲ್ಲಿ ಹೇಳುವುದೆಲ್ಲ ಸರಿಯಾಗಿದೆ: ಬೆಂಚಿನ ಮೇಲೆ ಟವೆಲ್ ಹಾಸಬೇಕು, ಎದ್ದಮೇಲೆ ಒರೆಸಬೇಕು, ದ್ರಾವಣವನ್ನು ಬಟ್ಟೆಗೆ ಸಿಂಪಡಿಸಿಕೊಂಡು ಒರೆಸಬೇಕೇ ಹೊರತು ಟ್ರೆಡ್‌ಮಿಲ್ಲಿನ ಪರದೆಯ ಮೇಲೆ ನೇರವಾಗಿ ಸಿಂಪಡಿಸಬಾರದು, ಏಕೆಂದರೆ ತೇವ ಒಳಗಿಳಿದು ಗುಂಡಿಗಳು ಕೆಡುತ್ತವೆ. ಹುಳುಕಡ್ಡಿಯಂತಹ ಶಿಲೀಂಧ್ರದ ಸೋಂಕೂ, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದಿಂದಾಗುವ ಚರ್ಮದ ಸೋಂಕುಗಳೂ ಹಂಚಿಕೊಂಡ ಸಲಕರಣೆ ಮತ್ತು ಟವೆಲ್‌ಗಳ ಮೂಲಕ ಹರಡಬಲ್ಲವಾದ್ದರಿಂದ ಇದು ಬರಿಯ ಅಸಹ್ಯದ ಪ್ರಶ್ನೆಯಲ್ಲ. ತೆರೆದ ಗಾಯವಿದ್ದವರು ಅದನ್ನು ಮುಚ್ಚಿಕೊಂಡೇ ಬರಬೇಕು ಎಂದೂ ಹೇಳುತ್ತಾರೆ. ಕ್ರಿಮಿನಾಶಕ ದ್ರಾವಣ ಕೆಲಸ ಮಾಡಬೇಕಾದರೆ ಅದರ ಚೀಟಿಯಲ್ಲಿ ಸೂಚಿಸಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಬೇಕು, ಸಿಂಪಡಿಸಿದ ತಕ್ಷಣ ಒರೆಸಿಬಿಟ್ಟರೆ ಬೆವರು ಹೋಗುತ್ತದೆಯೇ ವಿನಾ ಕ್ರಿಮಿ ಪೂರ್ತಿ ಹೋಗುವುದಿಲ್ಲ ಎಂಬ ಸೂಕ್ಷ್ಮವನ್ನು ಕೂಡ ತಿಳಿಸುತ್ತಾರೆ. ಇಷ್ಟೆಲ್ಲ ಕಲಿಸಿದ ಜಿಮ್ಮಿನಲ್ಲಿ ಸಂಜೆಯ ದಟ್ಟಣೆಯ ಹೊತ್ತಿಗೆ ಬಾಟಲಿಗಳು ಖಾಲಿ. ಒರೆಸುವ ಬಟ್ಟೆ ಇರುವುದು ಪ್ರವೇಶದ್ವಾರದ ಬಳಿ, ಬೆಂಚುಗಳಿರುವುದು ಇನ್ನೊಂದು ತುದಿಯಲ್ಲಿ. ಹೊಸಬರು ಮೊದಮೊದಲು ಅಷ್ಟು ದೂರ ನಡೆದುಹೋಗಿ ತಂದು ಒರೆಸುತ್ತಾರೆ, ಅನಂತರ ಅಕ್ಕಪಕ್ಕದವರನ್ನು ನೋಡಿ ನಿಲ್ಲಿಸುತ್ತಾರೆ.

ಸದ್ದಿನ ಬಗ್ಗೆ ಇಲ್ಲಿನ ನಿಲುವು ವಿವೇಕದ್ದು. ರಬ್ಬರಿನ ದಪ್ಪ ಪ್ಲೇಟುಗಳು ಬೀಳಿಸುವುದಕ್ಕೆಂದೇ ತಯಾರಾದವು, ಅವುಗಳನ್ನು ಅದಕ್ಕೆಂದು ಹಾಕಿರುವ ಹಲಗೆಯ ಮೇಲೆ ಬೀಳಿಸಬಹುದು. ಕಬ್ಬಿಣದ ಪ್ಲೇಟು ಬಿದ್ದರೆ ನೆಲವೂ ಬಾರೂ ಹಾಳಾಗುತ್ತವೆ. ಡಂಬೆಲನ್ನು ಎತ್ತರದಿಂದ ಎಸೆದರೆ ಹಿಡಿಕೆಯ ಜೋಡಣೆ ಸಡಿಲವಾಗಿ, ಮುಂದೊಮ್ಮೆ ಯಾರದೋ ಮುಖದ ಮೇಲೆ ಬಿಚ್ಚಿಕೊಳ್ಳಬಹುದು, ಅದು ಪುಟಿದು ಪಕ್ಕದವರ ಕಾಲಿಗೂ ಬಡಿಯಬಹುದು. ಕೇಬಲ್ ಯಂತ್ರದ ತೂಕಗಳನ್ನು ದಢಾರನೆ ಬಿಡುವುದೂ ಬೇಡ. ಹಾಗೆ ಬಿಡುವವರು ಇಳಿಸುವಾಗಿನ ಅರ್ಧ ವ್ಯಾಯಾಮವನ್ನು ತಾವೇ ಕಳೆದುಕೊಳ್ಳುತ್ತಾರೆ. ಭಾರ ಎತ್ತುವಾಗ ಬಾಯಿಂದ ಹೊರಡುವ ಹೂಂಕಾರಕ್ಕೆ ಇಲ್ಲಿ ನಿಷೇಧವಿಲ್ಲ, ಇರಬೇಕೆಂದೂ ನನಗನ್ನಿಸುವುದಿಲ್ಲ. ಪ್ರತಿ ಹಗುರ ಡಂಬೆಲ್ಲಿಗೂ ಗರ್ಜಿಸುವವರನ್ನು ಸಹಿಸಿಕೊಳ್ಳಲು ಕಿವಿಗೆ ಇಯರ್‌ಫೋನ್ ಇದೆಯಲ್ಲ.

ಇಡೀ ತರಗತಿಯಲ್ಲಿ ಅತ್ಯುತ್ತಮವೆನಿಸಿದ್ದು ಸ್ಪಾಟ್ ಮಾಡುವ ಪಾಠ. ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ವ್ಯಾಯಾಮ) ಮಾಡುವವರ ತಲೆಯ ಹಿಂದೆ ನಿಂತು ಕಾಯುವ ಕೆಲಸವನ್ನು ಬಹಳಷ್ಟು ಕಡೆ ಯಾರೂ ಕಲಿಸುವುದಿಲ್ಲ, ಆದರೆ ಹೊಸಬರನ್ನೂ ಆ ಕೆಲಸಕ್ಕೆ ಕರೆಯುತ್ತಾರೆ. ಇಲ್ಲಿ ಇಬ್ಬರಿಬ್ಬರನ್ನು ಜೋಡಿ ಮಾಡಿ ಖಾಲಿ ಬಾರಿನಲ್ಲೇ ಅಭ್ಯಾಸ ಮಾಡಿಸಿದರು. ಎಷ್ಟು ಸಲ ಎತ್ತುವ ಉದ್ದೇಶವಿದೆ, ಕೊಕ್ಕೆಯಿಂದ ಬಾರನ್ನು ತೆಗೆದುಕೊಡಬೇಕೇ, ಯಾವಾಗ ಕೈಹಾಕಬೇಕು ಎಂಬ ಮೂರು ವಿಷಯಗಳನ್ನು ಮೊದಲೇ ಮಾತಾಡಿಕೊಳ್ಳಬೇಕು. ಬಾರ್ ಮೇಲಕ್ಕೆ ಚಲಿಸುತ್ತಿರುವವರೆಗೆ, ಎಷ್ಟೇ ನಿಧಾನವಾಗಿದ್ದರೂ, ಮುಟ್ಟಬಾರದು. ಅದು ನಿಂತರೆ ಅಥವಾ ಕೆಳಗಿಳಿಯತೊಡಗಿದರೆ ಎರಡೂ ಕೈಯಿಂದ ಹಿಡಿದು ಕೊಕ್ಕೆಗೆ ಸೇರುವವರೆಗೂ ಬಿಡಬಾರದು. ಅಲ್ಲಿ ನಿಂತು ಫೋನ್ ನೋಡುವುದಂತೂ ಕೂಡದು. ಒಬ್ಬರೇ ಮಾಡುವವರು ರ‍್ಯಾಕಿನೊಳಗೆ ಬೆಂಚಿಟ್ಟು, ಸುರಕ್ಷತಾ ಸರಳುಗಳನ್ನು ಎದೆಯ ಮಟ್ಟಕ್ಕಿಂತ ತುಸು ಕೆಳಗೆ ನಿಲ್ಲಿಸಿಕೊಳ್ಳಬೇಕು, ಹೆಬ್ಬೆರಳನ್ನು ಬಾರಿಗೆ ಸುತ್ತಿಯೇ ಹಿಡಿಯಬೇಕು. ಸಿಕ್ಕಿಕೊಂಡಾಗ ಜೋರಾಗಿ ಕೂಗಿ ಸಹಾಯ ಕೇಳುವುದು ಅವಮಾನವಲ್ಲವೆಂದು ಟ್ರೈನರ್ ಎರಡೆರಡು ಬಾರಿ ಹೇಳಿದ್ದು ನನಗೆ ಬಹಳ ಇಷ್ಟವಾಯಿತು. ಎಷ್ಟೋ ಜನ ನಾಚಿಕೆಯಿಂದಲೇ ಅಪಾಯಕ್ಕೆ ಸಿಲುಕುತ್ತಾರೆ.

ಉಳಿದವು ಬೇಗ ಹೇಳಿ ಮುಗಿಸುವಂಥವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಫೋನ್ ಹೊರತೆಗೆಯುವಂತೆಯೇ ಇಲ್ಲ. ವ್ಯಾಯಾಮದ ವಿಡಿಯೊ ಮಾಡಿಕೊಳ್ಳುವವರು ಇತರರು ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಬೇಕು. ಹೊರಗೆ ಹಾಕಿಕೊಂಡು ಓಡಾಡಿದ ಬೂಟು ಬೇಡ, ಘಾಟು ಸುಗಂಧದ್ರವ್ಯವೂ ಬೇಡ.

ಈಗ ಮುಖ್ಯವಾದ ದೂರಿಗೆ ಬರುತ್ತೇನೆ. ತರಗತಿಯಲ್ಲಿ ಕಲಿಸಿದ ನಿಯಮಗಳು ಹೊಸಬರಿಗೆ ಮಾತ್ರ ಅನ್ವಯಿಸುತ್ತವೆ. ಐದು ಕೆಜಿಯ ಡಂಬೆಲನ್ನು ಒಂದು ಜಾಗ ಆಚೆ ಇಟ್ಟ ಹುಡುಗಿಯನ್ನು ಕರೆದು ಸರಿಪಡಿಸುವ ಸಿಬ್ಬಂದಿ, ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರದ ಎರಡೂ ಬದಿ ತುಂಬ ಪ್ಲೇಟು ಬಿಟ್ಟು ಹೊರಡುವ ಹಳೆಯ ಸದಸ್ಯರಿಗೆ ಏನನ್ನೂ ಹೇಳುವುದಿಲ್ಲ. ಈ ಬಗ್ಗೆ ವಿಚಾರಿಸಿದಾಗ ಟ್ರೈನರ್ ಕೊಟ್ಟ ಉತ್ತರ: "ಅವರು ತುಂಬಾ ಹಳಬರು ಸರ್, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ." ಆ ಪ್ಲೇಟುಗಳನ್ನು ಕೊನೆಗೆ ಇಳಿಸುವವರು ಹೊಸ ಸದಸ್ಯರೇ. ಇದೇ ಹಳಬರಲ್ಲಿ ಕೆಲವರಿಗೆ ಕೇಳದೆ ಸಲಹೆ ಕೊಡುವ ಉತ್ಸಾಹವೂ ಇದೆ. ಇಯರ್‌ಫೋನ್ ತೆಗೆಸಿ, ಸೆಟ್ಟಿನ ನಡುವೆ ನಿಲ್ಲಿಸಿ, ಮೊಣಕೈ ಎಲ್ಲಿರಬೇಕೆಂದು ವಿವರಿಸುತ್ತಾರೆ. ಅಪಾಯ ಕಣ್ಣಿಗೆ ಕಾಣುತ್ತಿದ್ದರೆ, ಅಂದರೆ ಪ್ಲೇಟು ಜಾರದಂತೆ ಹಿಡಿಯುವ ಕ್ಲಿಪ್ ಹಾಕಲು ಮರೆತಿದ್ದರೆ ಅಥವಾ ಸರಳು ತಪ್ಪು ಎತ್ತರದಲ್ಲಿದ್ದರೆ, ತಕ್ಷಣ ಹೇಳಲೇಬೇಕು. ಅದನ್ನು ಬಿಟ್ಟರೆ ಉಳಿದ ತಿದ್ದುಪಡಿಯನ್ನು ಅದಕ್ಕೆಂದೇ ನೇಮಕಗೊಂಡಿರುವ ಟ್ರೈನರ್‌ಗೆ ಬಿಡುವುದು ಸಭ್ಯತೆ. ತರಗತಿಯಲ್ಲಿ ಈ ಮಾತಿದೆ, ಆದರೆ ಕೇಳಿಸಿಕೊಳ್ಳಬೇಕಾದವರು ಆ ತರಗತಿ ಶುರುವಾಗುವ ಮುಂಚೆಯೇ ಸದಸ್ಯರಾದವರು.

ಹೀಗಿದ್ದರೂ, ಬಾರ್ಬೆಲ್ ಮುಟ್ಟಿಯೇ ಗೊತ್ತಿಲ್ಲದವರಿಗೆ ನಾನು ಈ ಜಿಮ್ಮನ್ನೇ ಸೂಚಿಸುತ್ತೇನೆ, ಆ ಒಂದು ತರಗತಿಯ ಸಲುವಾಗಿ. ಸೇರುವವರು ಮೊದಲ ಕೆಲವು ವಾರ ದಟ್ಟಣೆಯಿಲ್ಲದ ವೇಳೆಯನ್ನು ಆರಿಸಿಕೊಳ್ಳಲಿ, ಎರಡು ಟವೆಲ್ ತರಲಿ, ಒಂದು ಹಾಸಲು, ಇನ್ನೊಂದು ಒರೆಸಲು. ಈಗಾಗಲೇ ಅನುಭವವಿರುವವರಿಗೆ ಮೆಚ್ಚಿಕೊಳ್ಳುವಂಥದ್ದು ಇಲ್ಲಿ ಅಚ್ಚುಕಟ್ಟಾದ ಜೋಡಣೆಯೊಂದೇ. ಮೇಲಿನ ಎರಡೂ ದೂರುಗಳನ್ನು ಆಡಳಿತಕ್ಕೆ ಬರೆದು ಕೊಟ್ಟಿದ್ದೇನೆ. ಅದಾದ ಮೇಲೆ ಬೆಂಚುಗಳ ಬಳಿ ಹೊಸ ಬಾಟಲಿಗಳೂ ಬಟ್ಟೆಗಳೂ ಬಂದಿವೆ. ಲೆಗ್ ಪ್ರೆಸ್ಸಿನ ವಿಷಯದಲ್ಲಿ ಇನ್ನೂ ಉತ್ತರ ಬಂದಿಲ್ಲ.